ಕಿಲ್ಕೆನ್ನಿಯ ಹೆಂಪ್ ಹೊಲ ಮತ್ತು ಅಪ್ಪನಿಗೆ ಹೇಳಿದ ಸುಳ್ಳು

ನನ್ನ ಎರಡೂ ಕೈಯಲ್ಲಿ ಗಾಂಜಾ ಗಿಡಗಳಿದ್ದಾಗ ಪೊಲೀಸ್ ಕಾರು ಬಂದು ಗೇಟಿನ ಮುಂದೆ ನಿಂತಿತು. ಕಿಲ್ಕೆನ್ನಿಯಿಂದ ಇಪ್ಪತ್ತು ನಿಮಿಷದ ಹಳ್ಳಿ ರಸ್ತೆ, ಜೂನ್ ತಿಂಗಳ ನಡು ಮಧ್ಯಾಹ್ನ, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಓಡೋಣವೆಂದರೆ ಕಾಲಿಗೆ ಗಂಬೂಟು, ಅದೂ ನನಗಿಂತ ಎರಡು ಸೈಜು ದೊಡ್ಡದು. ಇಲ್ಲಿಯ ಐರಿಶ್ ಮಾತಿನಲ್ಲಿ ಪೊಲೀಸರಿಗೆ ಗಾರ್ಡಾ ಅನ್ನುತ್ತಾರೆ. ಆ ಗಾರ್ಡಾ ಕಿಟಕಿ ಇಳಿಸಿ ನನ್ನ ಕೈಯಲ್ಲಿದ್ದದ್ದನ್ನು ನೋಡಿದ, ಆಕಾಶ ನೋಡಿದ. "ಇವತ್ತು ಮಳೆ ಬರಲಿಕ್ಕಿಲ್ಲ, ಒಣ ದಿನ ಸಿಕ್ಕಿತು ನಿಮಗೆ" ಎಂದು ಹೇಳಿ, ಕೈ ಬೀಸಿ ಹೊರಟುಹೋದ. ನಾನು ಅಲ್ಲೇ ಸಾಲಿನ ನಡುವೆ ಕುಸಿದು ಕೂತೆ.

ಹೊಲದ ಒಡತಿ ನೋರಾ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇದು ಹೆಂಪ್, ಗಾಂಜಾದ ದಾಯಾದಿ, ಅಮಲಿನ ಅಂಶ ಹೆಸರಿಗಷ್ಟೇ ಇರುತ್ತದೆ ಎಂದು ಮೊದಲೇ ಹೇಳಿದ್ದರು. ಬೆಳೆಯಲು ಸರ್ಕಾರದ ಪರವಾನಗಿ ಬೇಕು, ಯಾವ ಹೊಲ ಎಂದು ನಕ್ಷೆಯಲ್ಲಿ ಗುರುತು ಹಾಕಿ ಕೊಡಬೇಕು, ಎಲೆ ಕಿತ್ತುಕೊಂಡು ಹೋಗಿ ಪರೀಕ್ಷೆ ಮಾಡುತ್ತಾರೆ. ಬೀಜದಿಂದ ಅಡುಗೆ ಎಣ್ಣೆ, ಕಾಂಡದಿಂದ ನಾರು. ಎಲ್ಲಾ ಸರಿ. ಆದರೆ ಬೆರಳು ಬಿಡಿಸಿದ ಹಾಗಿರುವ ಅದೇ ಎಲೆ, ಅದೇ ಘಾಟು. ನನ್ನ ಕಣ್ಣಿಗೂ ಮೂಗಿಗೂ ಯಾರು ಪರವಾನಗಿ ತೋರಿಸಬೇಕು?

ಯಾಕೆ ಅಷ್ಟು ಹೆದರಿದೆ ಅಂತ ಹೇಳಿಬಿಡುತ್ತೇನೆ. ನಮ್ಮದು ರಾಣೆಬೆನ್ನೂರಿನ ಹತ್ತಿರದ ಹಳ್ಳಿ. ಅಪ್ಪನದು ಸಸಿ ನರ್ಸರಿ. ಮೆಣಸಿನಕಾಯಿ, ಟೊಮ್ಯಾಟೊ, ಬದನೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೆಕ್ಕೆಜೋಳದ ಹೊಲದ ನಡುವೆ ಹತ್ತು ಭಂಗಿ ಗಿಡ, ಅಂದರೆ ಗಾಂಜಾ, ಸಿಕ್ಕವೆಂದು ಪೊಲೀಸರು ಬಂದು ಚಿಕ್ಕಪ್ಪನನ್ನು ಹಿಡಿದುಕೊಂಡು ಹೋದರು. ಕೈಗೆ ಕೋಳ ಹಾಕಿ, ಸಂತೆಯ ದಿನ, ಜನರ ನಡುವೆಯೇ ನಡೆಸಿದರು. ಅವನಿಗೆ ಗೊತ್ತು ಮಾಡಿದ್ದ ಹೆಣ್ಣಿನ ಕಡೆಯವರು ಮಾತು ಮುರಿದುಕೊಂಡರು. ಜೈಲಿನಿಂದ ಬಂದ ಚಿಕ್ಕಪ್ಪ ಊರಲ್ಲಿ ನಿಲ್ಲಲಿಲ್ಲ, ಗೋವಾದ ಕಡೆ ಹೋದ, ಮದುವೆ ಆಗಲಿಲ್ಲ, ಒಂದು ಪಂಚಮಿಗೂ ತಿರುಗಿ ಬರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಭಂಗಿ ಎಂಬ ಮಾತನ್ನೇ ಯಾರೂ ಎತ್ತುವಂತಿರಲಿಲ್ಲ. ಎತ್ತಿದರೆ ಅಪ್ಪ ಉಣ್ಣುತ್ತಿದ್ದ ತಾಟು ಬಿಟ್ಟು ಏಳುತ್ತಿದ್ದರು.

ಅಂಥ ಮನೆಯ ಮಗಳು ಈ ಹೊಲಕ್ಕೆ ಹೇಗೆ ಬಂದಳು? ಬಾಡಿಗೆ ಮನೆಯ ದೆಸೆಯಿಂದ. ನಮ್ಮ ಮನೆಯವರು ಡಾಕ್ಟರು, ತುಮಕೂರಿನವರು. ಅವರಿಗೆ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ಕೆಲಸವಾಯಿತು, ನಾನು ಅಗ್ರಿಕಲ್ಚರ್ ಡಿಗ್ರಿಯನ್ನು ಫೈಲಿನಲ್ಲಿಟ್ಟುಕೊಂಡು ಹಿಂದೆ ಬಂದೆ. ಇಲ್ಲಿ ಬಾಡಿಗೆ ಮನೆ ನೋಡುವುದೆಂದರೆ ಹೆಣ್ಣು ನೋಡಲು ಹೋದ ಹಾಗಲ್ಲ, ನಮ್ಮನ್ನೇ ನೋಡಿಸಿಕೊಳ್ಳಲು ಹೋದ ಹಾಗೆ. ಒಂದು ಮನೆಗೆ ಮೂವತ್ತು ಜನ ಸಾಲು ನಿಂತು, ಸಂಬಳದ ಚೀಟಿ, ಹಿಂದಿನ ಮನೆಯವರ ಪತ್ರ ಹಿಡಿದುಕೊಂಡು ನಗಬೇಕು. ಎರಡು ತಿಂಗಳು ನಕ್ಕೆವು. ಕೊನೆಗೆ ಆಸ್ಪತ್ರೆಯ ನರ್ಸ್ ಒಬ್ಬರು ತಮ್ಮ ಚಿಕ್ಕಮ್ಮ ನೋರಾ ಅವರ ಮನೆಗೆ ಅಂಟಿಕೊಂಡ ಎರಡು ಕೋಣೆ ಕೊಡಿಸಿದರು. "ಸಿಟಿಯಿಂದ ದೂರ ಅಷ್ಟೇ, ಬಾಕಿ ಎಲ್ಲಾ ಗ್ರ್ಯಾಂಡ್ ಆಗಿದೆ ಕಣೇ" ಅಂದರು ನಮ್ಮವರು. ಗ್ರ್ಯಾಂಡ್ ಅಂದರೆ ಇಲ್ಲಿ ವೈಭವ ಅಲ್ಲ, 'ಪರವಾಗಿಲ್ಲ, ನಡೀತದೆ' ಅಂತ. ಬಂದ ಮೂರೇ ವಾರಕ್ಕೆ ಅವರ ಬಾಯಿಗೆ ಹತ್ತಿಬಿಟ್ಟಿತ್ತು.

ನೋರಾ ನಮ್ಮ ಅಮ್ಮನಿಗಿಂತ ಹತ್ತು ವರ್ಷ ದೊಡ್ಡವರು. ಬರೀ ಹೆಸರು ಹಿಡಿದು ಕರಿ ಎಂದು ಗಟ್ಟಿಯಾಗಿ ಹೇಳಿದ್ದರಿಂದ ಹಾಗೆ ಕರೆಯುತ್ತೇನೆ, ಕರೆದಾಗಲೆಲ್ಲ ನಾಲಿಗೆ ಒಮ್ಮೆ ತಡವರಿಸುತ್ತದೆ. ಕನ್ನಡದಲ್ಲಿ ಬರೆಯುವಾಗ ಬಹುವಚನ ಬಿಡಲು ನನ್ನಿಂದಾಗದು. ಗಂಡ ತೀರಿಕೊಂಡ ಮೇಲೆ ಹಸುಗಳನ್ನೆಲ್ಲ ಮಾರಿ, ಐದು ಎಕರೆಯಲ್ಲಿ ಸಾವಯವ ಹೆಂಪ್ ಬೆಳೆಯುವ ಹೆಂಗಸು. ನಮ್ಮವರು ಡ್ಯೂಟಿಗೆ ಹೋದರೆ ಬರುವುದು ಮರುದಿನವೇ. ಜೋಳದ ರೊಟ್ಟಿ ಬಡಿದರೆ ತಿನ್ನಲು ನಾನೊಬ್ಬಳೇ, ಮಾತಾಡಬೇಕೆಂದರೆ ಗೋಡೆ. ಈ ಮನೆಗೆ ಬಂದ ಎರಡನೆಯ ವಾರ ನಾನಾಗಿಯೇ ಹೊಲಕ್ಕೆ ಇಳಿದು ಕಳೆ ಕೀಳತೊಡಗಿದೆ. ನೋರಾ ಕೂಲಿ ಕೊಡುತ್ತೇನೆ ಅಂದರು, ಕೆಲಸ ಅಲ್ಲಿಗೆ ಗಟ್ಟಿಯಾಯಿತು. ನಿಜ ಹೇಳುತ್ತೇನೆ, ಮಣ್ಣಿಗೆ ಕೈ ಹಾಕಿದ ದಿನವೇ ನನಗೆ ಈ ದೇಶದಲ್ಲಿ ಮೊದಲು ನಿದ್ದೆ ಬಂದದ್ದು.

ಅಪ್ಪ ಫೋನಿನಲ್ಲಿ ಏನು ಬೆಳೀತೀರವ್ವ ಅಂತ ಕೇಳಿದರು. "ತುಳಸಿ ಜಾತಿದು ಅಪ್ಪಾ, ಔಷಧಿ ಸೊಪ್ಪು" ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಆಮೇಲೆ ತಿದ್ದುವ ಧೈರ್ಯವೇ ಬರಲಿಲ್ಲ. ಊರಲ್ಲೆಲ್ಲ 'ನಮ್ಮ ಗಿರಿಜಾ ಪರದೇಶದಾಗ ತುಳಸಿ ಬೆಳೀತಾಳ' ಎಂದು ಹೇಳಿಕೊಂಡು ತಿರುಗಿದರು.

ಮರುವರ್ಷ ಯಡವಟ್ಟಾಯಿತು. ಇಲ್ಲಿ ಹೆಂಪನ್ನು ಮೇ ತಿಂಗಳಲ್ಲಿ ನೇರ ಬಿತ್ತುತ್ತಾರೆ, ಅರ್ಧ ಬೀಜವನ್ನು ಕಾಗೆಗಳೇ ಆರಿಸಿ ತಿನ್ನುತ್ತವೆ. ಅರ್ಧ ಎಕರೆಗಾದರೂ ಟ್ರೇಯಲ್ಲಿ ಸಸಿ ಎಬ್ಬಿಸಿ ನಾಟಿ ಮಾಡೋಣ, ನಾನು ನರ್ಸರಿಯವರ ಮಗಳು ಎಂದು ಎದೆ ಉಬ್ಬಿಸಿ ಹೇಳಿದೆ. ನೋರಾ ಒಪ್ಪಿದರು. ನಾವು ಪಾಲಿಹೌಸ್ ಅನ್ನುವುದಕ್ಕೆ ಇಲ್ಲಿ ಟನೆಲ್ ಅನ್ನುತ್ತಾರೆ. ಟನೆಲ್ ತುಂಬ ಟ್ರೇ ಜೋಡಿಸಿ ಬೀಜ ಹಾಕಿದೆ. ಮೊಳಕೆ ನೋಡಬೇಕಿತ್ತು, ಒಂದೂ ತಪ್ಪಿರಲಿಲ್ಲ. ಮೂರನೆಯ ವಾರಕ್ಕೆ ಹೊಸ ಎಲೆಗಳು ಹಳದಿಯಾದವು. ನರ ಮಾತ್ರ ಹಸಿರು, ನಡುವೆಲ್ಲ ಬಿಳುಚು. ನೋರಾ ಕಲಿಸಿದ್ದನ್ನೆಲ್ಲ ಮಾಡಿದೆ. ತುರಿಕೆ ಗಿಡವನ್ನು ನೀರಲ್ಲಿ ಕೊಳೆಹಾಕಿ ಸೋಸಿ ಕೊಟ್ಟೆ, ಸಮುದ್ರದ ಪಾಚಿಯ ರಸ ಕೊಟ್ಟೆ. ಸಸಿಗಳು ಕ್ಯಾರೇ ಅನ್ನಲಿಲ್ಲ.

ನೋರಾ ಆ ವಾರ ಅತ್ಲೋನ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ನಾನು ಅಪ್ಪನಿಗೆ ಫೋನು ಹಚ್ಚಿ ಎಲೆ ಹಳದಿಯಾದದ್ದನ್ನು ಹೇಳಿದೆ.

"ಫೋಟೋ ಕಳಸವ್ವ, ನೋಡೂಣು" ಅಂದರು.

"ನೆಟ್‌ವರ್ಕ್ ಇಲ್ಲಪ್ಪಾ, ಹೋಗವಲ್ದು."

"ತುಳಸಿ ಹಂಗ ಆಗತೈತಿ ಅಂದ್ರ ಅದಕ್ಕ ಹೊಟ್ಟಿಗೆ ಕಡಿಮಿ ಬಿದ್ದೈತಿ. ಜೀವಾಮೃತ ಮಾಡಿ ಹಾಕು. ಎಂಟು ದಿನದಾಗ ಕುಣೀತಾವ ನೋಡು."

ಜೀವಾಮೃತ ನಿಮಗೆಲ್ಲ ಗೊತ್ತಿದ್ದದ್ದೇ: ಸಗಣಿ, ಗೋಮೂತ್ರ, ಬೆಲ್ಲ, ಕಡಲೆಹಿಟ್ಟು, ಹೊಲದ ಬದುವಿನ ಒಂದು ಹಿಡಿ ಮಣ್ಣು. ಬೆಲ್ಲ, ಹಿಟ್ಟು ನನ್ನ ಅಡುಗೆಮನೆಯಲ್ಲಿತ್ತು. ಬೇಲಿಯಾಚೆ ಪಕ್ಕದವರ ಕಪ್ಪು ಬಿಳಿ ಹಸುಗಳು ಮೇಯುತ್ತಿದ್ದವು. ಗೇಟು ಹತ್ತಿ ಇಳಿದು ಎರಡು ಬಕೆಟ್ ಸಗಣಿ ಎತ್ತಿಕೊಂಡು ಬಂದೆ. ಗೋಮೂತ್ರಕ್ಕೆ ಮಾತ್ರ ಆ ಹಸುಗಳು ನನ್ನನ್ನು ಹತ್ತಿರ ಬಿಡಲಿಲ್ಲ. ಯಾರನ್ನಾದರೂ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನಮ್ಮಲ್ಲಿ ಮೇಯುವ ದನದ ಹಿಂದೆ ಬಿದ್ದ ಸಗಣಿ ಎತ್ತಿದವರದು. ಅಂಗಳ ಸಾರಿಸಲು ಸಗಣಿ ಕೊಡಿ ಎಂದರೆ ವೈರಿಯೂ ಇಲ್ಲ ಅನ್ನುವುದಿಲ್ಲ. ಗೋಮೂತ್ರವಿಲ್ಲದೆಯೇ ನೀಲಿ ಡ್ರಮ್ಮಿನಲ್ಲಿ ಕಲಸಿ, ಬೆಳಿಗ್ಗೆ ಸಂಜೆ ಕೋಲಾಡಿಸಿ, ಐದನೆಯ ದಿನ ಎಲ್ಲಾ ಟ್ರೇಗಳಿಗೂ ಹಾಕಿದೆ.

ನೋರಾ ವಾಪಸು ಬಂದು ಮೂಗು ಮುಚ್ಚಿಕೊಂಡು "ಇದೇನಿದು?" ಅಂದರು. ನಮ್ಮ ಕಡೆಯ ಗೊಬ್ಬರ ಅಂದೆ. "ಪುಸ್ತಕದಲ್ಲಿ ಬರೆದಿಡು" ಅಂದರು, ಹೂಂ ಅಂದೆ. ಅವರದೊಂದು ಹಸಿರು ರಟ್ಟಿನ ಪುಸ್ತಕವಿದೆ. ಹೊಲಕ್ಕೆ ಹೊರಗಿನಿಂದ ಏನು ಬಂದರೂ, ಯಾರಿಂದ, ಯಾವಾಗ ಎಂದು ಅದರಲ್ಲಿ ಬರೆಯಬೇಕು. ಸಗಣಿಯನ್ನೂ ಬರೆಯುವುದೇ ಎಂದು ನನ್ನೊಳಗೇ ನಕ್ಕು ಬಿಟ್ಟೆ.

ಹತ್ತು ದಿನಕ್ಕೆ ಸಾವಯವ ಪ್ರಮಾಣಪತ್ರದ ತಪಾಸಣೆಗೆ ಒಬ್ಬ ಬಂದ. ಮೆತ್ತಗೆ ಮಾತಾಡುವ ನಡುವಯಸ್ಸಿನ ಮನುಷ್ಯ. ಟನೆಲ್ಲಿನೊಳಗೆ ಬಂದು ಡ್ರಮ್ಮಿನ ಮುಚ್ಚಳ ಎತ್ತಿದ, ಇದೇನು ಎಂದು ಕೇಳಿದ. ನೋರಾ ನನ್ನ ಕಡೆ ನೋಡಿದರು. ತುರಿಕೆ ಗಿಡದ ರಸ ಎಂದು ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಅದೂ ಇಷ್ಟೇ ನಾರುತ್ತದೆ, ಪುಸ್ತಕದಲ್ಲೂ ಬರೆದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಒಂದು ವರ್ಷದಿಂದ ಅಪ್ಪನಿಗೆ ಹೇಳಿ ಹೇಳಿ ನನಗೆ ಸುಳ್ಳು ರೂಢಿಯಾಗಿತ್ತು. ಅಷ್ಟರಲ್ಲಿ ಅವನು ಪುಸ್ತಕದ ಮೊದಲ ಹಾಳೆ ತಿರುವಿ ನೋರಾ ಬರೆದದ್ದನ್ನು ಓದಿದ: "ಸಸಿಗಳ ಹೊಣೆ, ಗಿರಿಜಾ. ಕೆಲಸ ಕಲಿತದ್ದು ತನ್ನ ತಂದೆಯ ಹತ್ತಿರ." ಓದಿ ತಲೆ ಎತ್ತಿ, "ತಂದೆಯೂ ಸಸಿ ಬೆಳೆಯುತ್ತಾರಾ?" ಎಂದು ಕೇಳಿದ.

ನನಗೆ ಅಳು ಬಂತು. ನಾಚಿಕೆ ಬಿಟ್ಟು ಅತ್ತೆ. ಸಗಣಿ ಪಕ್ಕದ ಹೊಲದ್ದು, ಕೇಳದೆ ತಂದದ್ದು, ಬರೆದಿಲ್ಲ, ನೋರಾ ಅವರಿಗೆ ಇದು ಯಾವುದೂ ತಿಳಿಯದು ಎಂದು ಎಲ್ಲವನ್ನೂ ಹೇಳಿದೆ. ಪಕ್ಕದವರಿಗೆ ಫೋನು ಹೋಯಿತು. ಆ ಹಸುಗಳಿಗೆ ಅದೇ ತಿಂಗಳು ಹುಳದ ಔಷಧಿ ಹಾಕಿಸಿದ್ದರಂತೆ, ಅದು ಸಗಣಿಯಲ್ಲೂ ಇಳಿಯುತ್ತದಂತೆ. ತಪಾಸಣೆಯವನು ಸುಮಾರು ಹೊತ್ತು ಬರೆದು, ಈ ಸಸಿ ನೆಡುವ ಅರ್ಧ ಎಕರೆಯ ಬೀಜವನ್ನು ಈ ವರ್ಷ ಸಾವಯವ ಎಂದು ಮಾರುವಂತಿಲ್ಲ, ಬೇರೆಯೇ ಇಡಬೇಕು ಎಂದ. ಬಾಕಿ ಹೊಲಕ್ಕೆ ತೊಂದರೆ ಇಲ್ಲ. "ನೀವೇ ಹೇಳಿದ್ದರಿಂದ ಇಷ್ಟಕ್ಕೆ ನಿಂತಿತು" ಎಂದು ಹೇಳಿ ಹೋದ.

ನೋರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮಲ್ಲಾದರೆ ಒಂದು ಗಂಟೆ ಕೂಗಾಡಿ, ಕೊನೆಗೆ ಚಹಾ ಕುಡಿದು ಮುಗಿಸುತ್ತೇವೆ. ಇಲ್ಲಿ ಮೊದಲು ಚಹಾ ಕೊಟ್ಟರು, ಆಮೇಲೆ ಎರಡು ದಿನ ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಂದು, "ಅವನ ಮುಂದೆ ನೀನು ಅತ್ತದ್ದು ಸಗಣಿಗಾಗಿ ಅಲ್ಲ. ಏನು ವಿಷಯ?" ಎಂದು ಕೇಳಿದರು. ಚಿಕ್ಕಪ್ಪನ ಕತೆ, ತುಳಸಿಯ ಕತೆ ಎರಡನ್ನೂ ಹೇಳಿದೆ. ನೋರಾ ಬಿಳುಚಿದ ಸಸಿಗಳ ಕಡೆ ತೋರಿಸಿ, "ಹಾಗಿದ್ದರೆ ನಿನ್ನ ತಂದೆಗೆ ಹೇಳು. ಗಿಡ ಯಾವುದು ಅಂತ ತಿಳಿಯದೆ ಮದ್ದು ಹೇಗೆ ಹೇಳುತ್ತಾರೆ?" ಅಂದರು.

ಅವತ್ತೇ ಮಧ್ಯಾಹ್ನ ಹೇಳಿದೆ. ಊರಲ್ಲಿ ಆಗ ಸಂಜೆ, ಅಪ್ಪ ನರ್ಸರಿಗೆ ನೀರು ಬಿಟ್ಟು ಕೂತಿದ್ದರು.

"ಅಪ್ಪಾ, ಅದು ತುಳಸಿ ಅಲ್ಲ. ಭಂಗಿ."

ಪರವಾನಗಿ, ಎಣ್ಣೆ, ಅಮಲಿಲ್ಲದ ಜಾತಿ, ಗಾರ್ಡಾ ಮಳೆಯ ಸುದ್ದಿ ಹೇಳಿ ಹೋದದ್ದು, ತಪಾಸಣೆಯವನ ಮುಂದೆ ಒಪ್ಪಿಕೊಂಡದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅಪ್ಪ ಕೊನೆಯವರೆಗೂ ಕೇಳಿದರು.

"ನಿಮ್ಮ ಚಿಕ್ಕಪ್ಪಗ ಹತ್ತು ಗಿಡಕ್ಕ ಕೋಳ ಹಾಕಿ ಸಂತ್ಯಾಗ ನಡಿಸಿದ್ರು. ನಿನಗ ಪೊಲೀಸ್ರು ಮಳಿ ಸುದ್ದಿ ಹೇಳಿ ಹೊಕ್ಕಾರ?" ಅಂದರು. ಫೋನು ಕಟ್ಟಾಯಿತು.

ನಾಲ್ಕು ದಿನ ಅಪ್ಪ ಫೋನು ಎತ್ತಲಿಲ್ಲ. ಅಮ್ಮ ಎತ್ತಿ "ಹೊಲಕ್ಕ ಹೋಗ್ಯಾರವ್ವ" ಅನ್ನುತ್ತಿದ್ದಳು, ಹಿಂದೆ ಅಪ್ಪ ಕೆಮ್ಮುವುದು ಕೇಳಿಸುತ್ತಿತ್ತು. ನಮ್ಮವರು "ಸ್ವಲ್ಪ ಟೈಮ್ ಕೊಡು ಕಣೇ, ಎಲ್ಲಾ ಗ್ರ್ಯಾಂಡ್ ಆಗುತ್ತೆ" ಅಂದದ್ದಕ್ಕೆ ಅವರ ಮೇಲೆ ಹರಿಹಾಯ್ದೆ. ಅಪ್ಪ ಒಬ್ಬರ ಮಾತಿಲ್ಲದೆ ನನಗೆ ಈ ದೇಶವೂ ಬೇಡ, ಆ ಊರೂ ಬೇಡ ಅನ್ನಿಸಿಬಿಟ್ಟಿತ್ತು. ಸಸಿಗಳು ದಿನದಿನಕ್ಕೆ ಬಿಳುಚುತ್ತಲೇ ಇದ್ದವು.

ಐದನೆಯ ದಿನ ಅವರೇ ವಿಡಿಯೋ ಕಾಲ್ ಮಾಡಿದರು. ನಮಸ್ಕಾರ ಇಲ್ಲ, ಹೆಂಗದೀ ಇಲ್ಲ.

"ಗಿಡ ತೋರ್ಸು."

ತೋರಿಸಿದೆ.

"ಎಲಿ ತಿರುವು. ಇನ್ನೊಂಚೂರು ಹತ್ರ ಹಿಡಿ. ನೀರು ಯಾವುದು?"

"ಬಾವಿದಪ್ಪಾ. ಇದು ಮಳಿ ದೇಶ, ನೀರಿಗೇನು ಕೊರತಿ?"

"ಕೊರತಿ ಕೇಳಿಲ್ಲ ನಾನು. ನೀರು ಕಾಸೂ ಪಾತ್ರಿ ತಳ ತೋರ್ಸು."

ನೋರಾ ಅವರ ಕೆಟಲಿನ ಮುಚ್ಚಳ ತೆಗೆದು ತೋರಿಸಿದೆ. ಒಳಗೆ ಗೋಡೆಗೆ ಬಳಿದ ಹಾಗೆ ಬಿಳಿ ಪದರ. ಈ ಸೀಮೆಯ ನೆಲದಡಿ ಪೂರ್ತಿ ಸುಣ್ಣಕಲ್ಲು, ಬಾವಿಯಲ್ಲಿ ಬರುವುದು ನಮ್ಮ ಬೋರಿನಂಥದೇ ಗಡಸು ನೀರು. ಊರಲ್ಲಿ ನೀರು ಪರೀಕ್ಷೆ ಮಾಡದೆ ಒಂದು ಬೀಜ ಹಾಕದ ಮನೆಯವಳು ನಾನು. ಇಲ್ಲಿ ದಿನಾ ಮಳೆ ಸುರಿಯುವುದನ್ನು ನೋಡಿ, ನೀರೆಲ್ಲ ಸಿಹಿಯೇ ಎಂದುಕೊಂಡಿದ್ದೆ.

"ಸುಣ್ಣದ ನೀರದು" ಅಂದರು ಅಪ್ಪ. "ಬೇರಿಗೆ ಏನು ಕೊಟ್ರೂ ಮ್ಯಾಲೆ ಏರಗೊಡೂದಿಲ್ಲ. ಗೊಬ್ಬರ ಎಲ್ಲಾ ನಿಂದ್ರಸು. ತಗಡಿನ ಮ್ಯಾಲಿನ ಮಳಿ ನೀರು ಹಿಡಿದು ಹಾಕು. ಈ ಗಿಡಕ್ಕ ನಮ್ಮ ಬೋರಿನ ನೀರಿಗೂ ಹಿಂಗ ಆಗಿತ್ತು. ಕೆರಿ ನೀರು ಹಾಕಿದ ಮ್ಯಾಲೆ ಎದ್ದು ನಿಂತ್ವು."

"ಯಾವ ಗಿಡಕ್ಕ ಅಪ್ಪಾ?"

ಅಪ್ಪ ಫೋನಿನ ಮುಂದಿನಿಂದ ಮುಖ ಸರಿಸಿದರು.

"ನಿಮಗ ಹೆಂಗ ಗೊತ್ತು?"

"ಕೆರಿ ನೀರು ಹೊತ್ತು ಹಾಕಿದಾವ ನಾನ. ಆ ಹತ್ತು ಗಿಡ ಇಬ್ಬರದೂ ಆಗಿದ್ವು. ಪೊಲೀಸ್ರು ಬಂದು ಯಾರವು ಅಂದ್ರು. ಅವ 'ನನ್ನವು' ಅಂದ. ನಾ ಬಾಜೂಕ ನಿಂತಿದ್ದೆ. ಬಾಯಿ ಬಿಡಲಿಲ್ಲ."

ಇಷ್ಟು ವರ್ಷ ತಾಟು ಬಿಟ್ಟು ಏಳುತ್ತಿದ್ದದ್ದು ಸಿಟ್ಟಿನಿಂದ ಎಂದುಕೊಂಡಿದ್ದೆ. ಅಪ್ಪನ ಮೇಲೆ ಕೋಪ ಬಂತು, ಕೋಪದ ಹಿಂದೆಯೇ ಕನಿಕರವೂ ಬಂತು. ಎಷ್ಟು ವರ್ಷ ಒಬ್ಬರೇ ಇದನ್ನು ನುಂಗಿಕೊಂಡಿದ್ದರು!

"ನೀ ಅಲ್ಲಿ ಪರದೇಶದಾಗ, ಆ ಸಾಹೇಬನ ಮುಂದ ಖರೇ ಹೇಳಿದಿ" ಅಂದರು. "ನನಗ ನಮ್ಮ ಊರಾಗ, ನಮ್ಮ ಹೊಲದಾಗ ನಿಂತು ಹೇಳಾಕ ಆಗಲಿಲ್ಲ. ದೀಪಾವಳಿಗೆ ಬಾ ಮಗಳ. ಗೋವಾಕ್ಕ ಹೋಗೂಣು. ಒಬ್ಬನ ಹೋಗಾಕ ನನಗ ಧೈರ್ಯ ಇಲ್ಲ."

ಶೆಡ್ಡಿನ ತಗಡಿನ ನೀರಿಗೆ ಟ್ಯಾಂಕು ಇಟ್ಟೆವು. ಎರಡು ವಾರದಲ್ಲಿ ಹೊಸ ಎಲೆ ಹಸಿರಾಗಿ ಬಂತು, ಜೂನ್‌ನಲ್ಲಿ ನಾಟಿ ಮಾಡಿದೆವು, ಆಗಸ್ಟಿಗೆ ನನ್ನ ತಲೆಯನ್ನೂ ಮೀರಿ ಬೆಳೆದವು. ಸೆಪ್ಟೆಂಬರ್ ಕೊನೆಗೆ ಕೊಯ್ಲು. ಆ ಅರ್ಧ ಎಕರೆಯ ಬೀಜವನ್ನು ಬೇರೆ ಚೀಲಗಳಲ್ಲಿ ತುಂಬಿ, ಸಾವಯವ ಅಲ್ಲ ಎಂಬ ಚೀಟಿಯನ್ನು ನನ್ನ ಕೈಯಿಂದಲೇ ಅಂಟಿಸಿದೆ. ಊರಿಗೆ ಹೊರಡುವ ದಿನ ನೋರಾ ಬಾಗಿಲಲ್ಲಿ ನಿಂತು, "ಮೇ ತಿಂಗಳಿಗೆ ಇರುತ್ತೀಯಲ್ಲ?" ಎಂದು ಕೇಳಿದರು. ಇರುತ್ತೇನೆ ಅಂದೆ.

ಗೋವಾದಲ್ಲಿ ಚಿಕ್ಕಪ್ಪ ಒಂದು ಹೋಟೆಲಿನ ತೋಟ ನೋಡಿಕೊಳ್ಳುತ್ತಾನೆ. ಕೂದಲೆಲ್ಲ ಬೆಳ್ಳಗಾಗಿದೆ. ನಮ್ಮನ್ನು ಕಂಡು ಕೈಯಲ್ಲಿದ್ದ ಪೈಪು ಕೆಳಗಿಟ್ಟ, ನೀರು ಹರಿಯುತ್ತಲೇ ಇತ್ತು. ಅಪ್ಪ ಕೂರಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನೋ ಹೊಂದಿಸಿಕೊಂಡಿದ್ದವರು, ಎದುರಿಗೆ ನಿಂತಾಗ ಬರೀ "ತಮ್ಮಾ, ಅವತ್ತು ನಾ ಹೇಳಬೇಕಾಗಿತ್ತು" ಅಂದರು.

ಚಿಕ್ಕಪ್ಪ ಅಪ್ಪನ ಮುಖ ನೋಡಲಿಲ್ಲ. ಹರಿಯುವ ನೀರನ್ನೇ ನೋಡುತ್ತಾ ಹೇಳಿದ.

"ಹೇಳಿದ್ರ ಏನಾಗತಿತ್ತಣ್ಣ? ಇಬ್ಬರೂ ಒಳಗ ಹೋಗಿದ್ರ ನರ್ಸರಿಗೆ ನೀರು ಬಿಡಾವ್ರು ಯಾರಿದ್ರು?"

ಆ ನರ್ಸರಿಯ ಸಸಿ ಮಾರಿಯೇ ನನ್ನನ್ನು ಓದಿಸಿದ್ದು. ಅಪ್ಪ ತಮ್ಮನ ಹೆಗಲು ಹಿಡಿದು ಮಗುವಿನ ಹಾಗೆ ಅತ್ತರು. ಊರಿಗೆ ಬಾ ಎಂದು ಕರೆದರು, ನಾನೂ ಕರೆದೆ. "ಈಗ ಎಲ್ಲಿ ಊರು ಬಿಡವ್ವಾ" ಅಂದ ಚಿಕ್ಕಪ್ಪ, ಬರಲಿಲ್ಲ.

ಕಿಲ್ಕೆನ್ನಿಗೆ ವಾಪಸು ಬಂದಿದ್ದೇನೆ. ಇನ್ನೊಂದು ತಿಂಗಳಿಗೆ ಬೀಜ ಹಾಕಬೇಕು, ಟ್ಯಾಂಕು ತುಂಬಿದೆ. ಇಲ್ಲಿ ನಾನು ತಪ್ಪು ಮಾಡಿ, ಒಪ್ಪಿಕೊಂಡು, ಮರುದಿನ ಅದೇ ಹೊಲದಲ್ಲಿ ಕೆಲಸಕ್ಕೆ ನಿಂತವಳು. ಅಲ್ಲಿ, ಇಬ್ಬರ ತಪ್ಪನ್ನು ಒಬ್ಬನೇ ಹೊತ್ತು ಊರು ಬಿಟ್ಟವನ ಅಣ್ಣನ ಮಗಳು. ನನಗೆ ಬೇಕೆಂದಾಗ ಊರಿಗೆ ಹೋಗಬಹುದು, ಬರಬಹುದು. ಅವನಿಗೆ ಊರು ಒಂದು ಹಗಲಿನ ಬಸ್ಸಿನ ದಾರಿ, ಆದರೂ ಹೋಗಲಾಗದು. ನಿಮ್ಮದು ಯಾವ ಊರು ಎಂದು ಇಲ್ಲಿ ಯಾರಾದರೂ ಕೇಳಿದರೆ ಮೊದಲೆಲ್ಲ ತಟ್ಟನೆ ಹೇಳುತ್ತಿದ್ದೆ. ಈಗ ಬಾಯಿ ತೆರೆಯುವ ಮುಂಚೆ ಚಿಕ್ಕಪ್ಪ ನೆನಪಾಗುತ್ತಾನೆ.